ಕೆಂಪು ಮಸಿಯಲ್ಲಿ ಬರೆದ ಅಲರ್ಜಿ

ಬೀದರ್, ಯಾದಗಿರಿ, ರಾಯಚೂರು ಕಡೆಯವರಿಗೆ ದೊಡ್ಡ ಕಾಯಿಲೆ ಬಂದರೆ ಬೆಂಗಳೂರು ದೂರ, ಹೈದರಾಬಾದ್ ಹತ್ತಿರ. ಅಫ್ಜಲ್‌ಗಂಜಿನ ಉಸ್ಮಾನಿಯಾ ಆಸ್ಪತ್ರೆಯಲ್ಲಿ, ಪಂಜಾಗುಟ್ಟದ ನಿಮ್ಸ್‌ನಲ್ಲಿ, ಊರ ತುಂಬ ಇರುವ ಖಾಸಗಿ ಆಸ್ಪತ್ರೆಗಳಲ್ಲಿ ಉರ್ದು ತೆಲುಗುಗಳ ನಡುವೆ ಕನ್ನಡವೂ ಕಿವಿಗೆ ಬೀಳುತ್ತದೆ. ದಾಖಲಾಗುವಾಗ ಎಲ್ಲರಿಗೂ ಎದುರಾಗುವ ಪ್ರಶ್ನೆಯೊಂದಿದೆ: ಯಾವುದಾದರೂ ಔಷಧದ ಅಲರ್ಜಿ ಇದೆಯೇ? ಉತ್ತರಗಳು ಬಗೆಬಗೆಯವು. "ನಂಗ ಪೆನ್ಸಿಲಿನ್ ಸೂಜಿ ಆಗಿಬರಂಗಿಲ್ರಿ." "ಸಲ್ಫಾ ಗುಳಿಗಿ ತಗೊಂಡ್ರ ಭಾಳ ಉಷ್ಣ ಆಗ್ತದ." "ನಮ್ಮಪ್ಪಗ ಆಗ್ತಿರಲಿಲ್ಲ, ಅದಕ್ಕ ನಮಗ್ಯಾರಿಗೂ ಕೊಡಬ್ಯಾಡ್ರಿ." ಹೇಳಿದ್ದು ಕೆಂಪು ಮಸಿಯಲ್ಲಿ ಫೈಲಿನ ಮೇಲೆ ಕೂರುತ್ತದೆ. ಅಂದು ನಿಜಕ್ಕೂ ಏನಾಯಿತು, ಔಷಧ ತೆಗೆದುಕೊಂಡ ಎಷ್ಟು ಹೊತ್ತಿಗೆ ಆಯಿತು, ಆಮೇಲೆ ಅದೇ ಔಷಧವನ್ನು ಮತ್ತೆ ತೆಗೆದುಕೊಂಡಿದ್ದುಂಟೇ ಎಂದು ಬಹಳ ಕಡೆ ಯಾರೂ ಕೇಳುವುದಿಲ್ಲ. ಆ ಒಂದು ಸಾಲು ಮಾತ್ರ ರೋಗಿಯ ಜೊತೆ ಆಯುಷ್ಯವಿಡೀ ನಡೆಯುತ್ತದೆ.

ರಕ್ತ, ಮೂತ್ರ, ಎಕ್ಸ್‌ರೇ ಎಲ್ಲವನ್ನೂ ಪರೀಕ್ಷಿಸುವ ನಾವು ಈ ಕೆಂಪು ಸಾಲನ್ನು ಮಾತ್ರ ಪರೀಕ್ಷೆಯಿಲ್ಲದೆ ನಂಬಿಬಿಡುತ್ತೇವೆ. ಇದು ಸಣ್ಣ ತಪ್ಪಲ್ಲ. ಇಲ್ಲದ ಅಲರ್ಜಿಯನ್ನು ಇದೆ ಎಂದುಕೊಂಡವರು ಒಳ್ಳೆಯ ಔಷಧ ಕಳೆದುಕೊಳ್ಳುತ್ತಾರೆ. ಇರುವ ಅಲರ್ಜಿಯನ್ನು ಗುರುತಿಸದವರು ಪ್ರಾಣವನ್ನೇ ಕಳೆದುಕೊಳ್ಳಬಹುದು.

ಅಲರ್ಜಿ ಎಂದರೆ ದೇಹದ ರಕ್ಷಣಾ ವ್ಯವಸ್ಥೆ ನಿರುಪದ್ರವಿ ವಸ್ತುವೊಂದನ್ನು ವೈರಿಯೆಂದು ತಪ್ಪಾಗಿ ಬಗೆದು ಅದರ ಮೇಲೆ ಬೀಳುವುದು. ಔಷಧದ ಅಲರ್ಜಿಯಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು ತಕ್ಷಣದ್ದು. ಔಷಧ ಒಳಗೆ ಹೋದ ಕೆಲವೇ ನಿಮಿಷಗಳಲ್ಲಿ, ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಮೈಮೇಲೆ ಪಿತ್ತದ ಗಂಧೆ ಏಳುತ್ತದೆ, ತುಟಿ ಕಣ್ಣುರೆಪ್ಪೆ ಊದುತ್ತವೆ, ಉಸಿರು ಸಿಕ್ಕಿಕೊಳ್ಳುತ್ತದೆ, ಬಿ.ಪಿ. ಕುಸಿಯುತ್ತದೆ. ಇನ್ನೊಂದು ತಡವಾಗಿ ಬರುವುದು. ದಿನಗಳು, ಕೆಲವೊಮ್ಮೆ ವಾರಗಳು ಕಳೆದ ಮೇಲೆ ಚರ್ಮದ ಮೇಲೆ ಕಾಣಿಸಿಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ನುಂಗಿದಾಗ ಬೇಧಿಯಾಗುವುದು, ನೋವಿನ ಗುಳಿಗೆಯಿಂದ ಹೊಟ್ಟೆ ಉರಿಯುವುದು, ಕೆಮ್ಮಿನ ಸಿರಪ್ಪಿನಿಂದ ನಿದ್ದೆ ಬರುವುದು ಅಡ್ಡಪರಿಣಾಮಗಳು. ಅವು ತೊಂದರೆಯೇ, ಆದರೆ ಅಲರ್ಜಿಯಲ್ಲ. ಊಟದ ಜೊತೆ ತೆಗೆದುಕೊಂಡರೆ, ಪ್ರಮಾಣ ಇಳಿಸಿದರೆ ಎಷ್ಟೋ ಸಲ ಅವು ಕಡಿಮೆಯಾಗುತ್ತವೆ. ಅಲರ್ಜಿಗೆ ಅಂಥ ರಿಯಾಯಿತಿ ಇಲ್ಲ.

ಪೆನ್ಸಿಲಿನ್ನಿನಿಂದಲೇ ಶುರು ಮಾಡೋಣ, ಏಕೆಂದರೆ ಅತಿ ಹೆಚ್ಚು ತಪ್ಪು ನಂಬಿಕೆ ಇರುವುದು ಅದರ ಸುತ್ತಲೇ. ಪಾಶ್ಚಾತ್ಯ ದೇಶಗಳ ಆಸ್ಪತ್ರೆ ದಾಖಲೆಗಳಲ್ಲಿ ಸುಮಾರು 10% ರೋಗಿಗಳ ಹೆಸರಿನ ಮುಂದೆ 'ಪೆನ್ಸಿಲಿನ್ ಅಲರ್ಜಿ' ಎಂದು ಬರೆದಿರುತ್ತದೆ. ಅವರನ್ನು ಕರೆದು ಕ್ರಮವಾಗಿ ಪರೀಕ್ಷೆ ಮಾಡಿದಾಗ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ಪೆನ್ಸಿಲಿನ್ ಏನೂ ಮಾಡುವುದಿಲ್ಲ ಎಂದು ಮತ್ತೆ ಮತ್ತೆ ಕಂಡುಬಂದಿದೆ. ಹಾಗಾದರೆ ಅವರೆಲ್ಲ ಸುಳ್ಳು ಹೇಳಿದರೇ? ಖಂಡಿತ ಇಲ್ಲ. ಚಿಕ್ಕಂದಿನಲ್ಲಿ ವೈರಸ್ ಜ್ವರ ಬಂದಾಗ ಅಮಾಕ್ಸಿಸಿಲಿನ್ ಕೊಟ್ಟಿರುತ್ತಾರೆ, ಮೈಮೇಲೆ ದದ್ದು ಎದ್ದಿರುತ್ತದೆ. ದದ್ದು ವೈರಸ್ಸಿನದು, ಅಪವಾದ ಔಷಧದ ಮೇಲೆ. ಇನ್ನು ಕೆಲವರಿಗೆ ಒಂದು ಕಾಲದಲ್ಲಿ ನಿಜವಾದ ಅಲರ್ಜಿಯೇ ಇತ್ತು. ಆದರೆ ತಕ್ಷಣದ ಬಗೆಯ ಪೆನ್ಸಿಲಿನ್ ಅಲರ್ಜಿ ಇದ್ದವರಲ್ಲಿ ಹತ್ತು ವರ್ಷ ಔಷಧದಿಂದ ದೂರವಿದ್ದರೆ ಸುಮಾರು 80% ಮಂದಿಯ ದೇಹ ಆ ಹಗೆಯನ್ನು ಮರೆತುಬಿಡುತ್ತದೆ. ಒಮ್ಮೆ ಬಂದ ಅಲರ್ಜಿ ಸಾಯುವ ತನಕ ಇರುತ್ತದೆ ಎಂಬುದು ಈ ವಿಷಯದಲ್ಲಿ ನಿಜವಲ್ಲ.

ಪೆನ್ಸಿಲಿನ್ ಬಿಟ್ಟರೇನಂತೆ, ಬೇರೆ ಬೇಕಾದಷ್ಟು ಔಷಧ ಇವೆಯಲ್ಲ ಎನ್ನಬಹುದು. ಇವೆ. ಅವು ಹೆಚ್ಚಾಗಿ ದುಬಾರಿ, ಹೆಚ್ಚು ಅಡ್ಡಪರಿಣಾಮದವು, ಎಷ್ಟೋ ಸೋಂಕುಗಳಲ್ಲಿ ಪೆನ್ಸಿಲಿನ್ನಿನಷ್ಟು ಚೆನ್ನಾಗಿ ಕೆಲಸ ಮಾಡದವು. ಬ್ರಿಟನ್ನಿನ ರೋಗಿಗಳ ದಾಖಲೆ ಆಧರಿಸಿ 2018ರಲ್ಲಿ ಬಿ.ಎಂ.ಜೆ. ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರ ಪ್ರಕಾರ, ಪೆನ್ಸಿಲಿನ್ ಅಲರ್ಜಿ ಎಂದು ಬರೆಸಿಕೊಂಡವರಿಗೆ ಔಷಧಕ್ಕೆ ಬಗ್ಗದ ಎಂ.ಆರ್.ಎಸ್.ಎ. ಎಂಬ ಬ್ಯಾಕ್ಟೀರಿಯಾ ತಗಲುವ ಅಪಾಯ ಉಳಿದವರಿಗಿಂತ 69% ಹೆಚ್ಚು. ಆ್ಯಂಟಿಬಯೋಟಿಕ್‌ಗಳು ಸೋಲುತ್ತಿರುವ ನಮ್ಮ ದೇಶದಲ್ಲಿ ಒಂದು ಒಳ್ಳೆಯ ಔಷಧವನ್ನು ವಿಚಾರಿಸದೆ ಬಿಟ್ಟುಕೊಡುವುದು ಸಣ್ಣ ನಷ್ಟವಲ್ಲ. ಗರ್ಭಿಣಿಗೆ ಸಿಫಿಲಿಸ್ ಇದ್ದರೆ ಹೊಟ್ಟೆಯಲ್ಲಿರುವ ಕೂಸನ್ನು ಕಾಯಬಲ್ಲದೆಂದು ಖಾತ್ರಿಯಾಗಿರುವುದು ಪೆನ್ಸಿಲಿನ್ ಒಂದೇ. ನಿಜವಾದ ಅಲರ್ಜಿ ಇದ್ದರೂ ಆಸ್ಪತ್ರೆಯಲ್ಲಿ ಇಟ್ಟುಕೊಂಡು, ಹನಿ ಹನಿಯಾಗಿ ಏರಿಸುತ್ತ ದೇಹವನ್ನು ಒಗ್ಗಿಸಿ ಅದನ್ನೇ ಕೊಡುತ್ತಾರೆ.

ನಮ್ಮ ಕಡೆ ಪೆನ್ಸಿಲಿನ್ನಿನ ಈ ತಪ್ಪು ಭಯದ ಪೆಟ್ಟು ಜೋರಾಗಿ ಬೀಳುವುದು ರುಮ್ಯಾಟಿಕ್ ಹೃದ್ರೋಗದ ಮಕ್ಕಳ ಮೇಲೆ. ಗಂಟಲು ನೋವಿನಿಂದ ಶುರುವಾಗಿ, ಕೀಲು ಹಿಡಿದು, ಕೊನೆಗೆ ಹೃದಯದ ಕವಾಟ ಹಾಳುಮಾಡುವ ಈ ರೋಗ ಬಡವರ ಮನೆಗಳದ್ದು. ಅದು ಮರುಕಳಿಸದಂತೆ ತಡೆಯಲು ಮೂರು ವಾರಕ್ಕೊಮ್ಮೆ ಬೆಂಜಾಥೀನ್ ಪೆನ್ಸಿಲಿನ್ ಸೂಜಿಯನ್ನು ವರ್ಷಗಟ್ಟಲೆ ಹಾಕಿಸಿಕೊಳ್ಳಬೇಕು. ಸೂಜಿ ಬಹಳ ನೋಯುತ್ತದೆ. ನೋವಿಗೂ ಹೆದರಿಕೆಗೂ ಮಗು ಬೆವರಿ, ಕಣ್ಣು ಕತ್ತಲೆಗಟ್ಟಿ ಬಿದ್ದರೆ 'ರಿಯಾಕ್ಷನ್ ಆಯಿತು' ಎಂದು ಸೂಜಿ ನಿಲ್ಲಿಸಿಬಿಡುವುದುಂಟು. ಚಿಕ್ಕ ಕ್ಲಿನಿಕ್ಕಿನ ವೈದ್ಯರು ಈ ಸೂಜಿ ಹಾಕಲು ಹಿಂಜರಿಯುವುದೂ ಇದೇ ಭಯದಿಂದ. 1991ರಲ್ಲಿ ಲ್ಯಾನ್ಸೆಟ್ ಪತ್ರಿಕೆ 11 ದೇಶಗಳ 1,790 ರೋಗಿಗಳ ಲೆಕ್ಕ ಪ್ರಕಟಿಸಿತು. ಅವರಿಗೆ ಹಾಕಿದ್ದು 32,430 ಸೂಜಿಗಳು. ಪ್ರಾಣಾಪಾಯದ ಅಲರ್ಜಿ ಆದದ್ದು ನಾಲ್ವರಿಗೆ, ಹತ್ತು ಸಾವಿರ ಸೂಜಿಗೆ ಒಂದರ ಆಸುಪಾಸು. ಕವಾಟ ತೀರ ಕೆಟ್ಟವರಲ್ಲಿ ಸೂಜಿಯ ನಂತರ ಸಾವು ಸಂಭವಿಸಿದ ಪ್ರಕರಣಗಳನ್ನು ಪರಿಶೀಲಿಸಿದ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2022ರಲ್ಲಿ, ಅವುಗಳಲ್ಲಿ ಹಲವು ಅಲರ್ಜಿಯಿಂದ ಆದವಲ್ಲ, ನೋವಿನ ಆಘಾತ ತಾಳಲಾರದೆ ದುರ್ಬಲ ಹೃದಯ ಸೋತದ್ದಿರಬಹುದು ಎಂದಿತು. ಅಂಥವರಿಗೆ ಗುಳಿಗೆಯ ಪೆನ್ಸಿಲಿನ್ ಕೊಡಿ ಎಂಬುದು ಅದರ ಸಲಹೆ. ಕಾರಣ ಸರಿಯಾಗಿ ತಿಳಿದರೆ ಪರಿಹಾರ ಎಷ್ಟು ಬೇರೆಯಾಗುತ್ತದೆ ನೋಡಿ. ಅಲರ್ಜಿ ಎಂದಿದ್ದರೆ ಔಷಧವೇ ತಪ್ಪಿಹೋಗುತ್ತಿತ್ತು.

ಇನ್ನು 'ಅಪ್ಪನಿಗೆ ಆಗುತ್ತಿರಲಿಲ್ಲ' ಎಂಬ ಮಾತು. ತಂದೆಗೆ ಪೆನ್ಸಿಲಿನ್ ಅಲರ್ಜಿ ಇತ್ತು ಎಂಬ ಒಂದೇ ಕಾರಣಕ್ಕೆ ಮಕ್ಕಳಿಗೆ ಅದನ್ನು ತಪ್ಪಿಸಬೇಕಿಲ್ಲ. ಅದು ಆಸ್ತಿಯ ಹಾಗೆ ಹಂಚಿಕೆಯಾಗಿ ಬರುವುದಿಲ್ಲ. ಆದರೆ ಔಷಧದ ತೊಂದರೆಗಳಲ್ಲಿ ನಿಜವಾಗಿಯೂ ವಂಶದಲ್ಲಿ ಇಳಿದು ಬರುವಂಥವು ಇವೆ, ಮತ್ತು ಅದರ ಅತಿ ಸ್ಪಷ್ಟ ಉದಾಹರಣೆ ಇರುವುದು ತೆಲುಗು ಕನ್ನಡ ಸೀಮೆಯಲ್ಲೇ.

ಆಪರೇಷನ್‌ಗೆ ಮುನ್ನ ಪೂರ್ಣ ಅರಿವಳಿಕೆ ಕೊಡುವಾಗ ಉಸಿರಾಟದ ಕೊಳವೆ ಇಳಿಸಲು ಸ್ನಾಯುಗಳನ್ನು ಸಡಿಲಗೊಳಿಸಬೇಕಾಗುತ್ತದೆ. ಅದಕ್ಕೆ 1950ರ ದಶಕದ ಆರಂಭದಿಂದ ಬಳಕೆಯಲ್ಲಿರುವ ಔಷಧ ಸಕ್ಸಿನೈಲ್‌ಕೋಲಿನ್. ನಮ್ಮ ಆಪರೇಷನ್ ಥಿಯೇಟರುಗಳಲ್ಲಿ ಅದರ ಬಳಕೆಯ ಹೆಸರು ಸ್ಕೋಲಿನ್. ಅರೆ ನಿಮಿಷ, ಒಂದು ನಿಮಿಷದಲ್ಲಿ ಕೆಲಸ ಶುರುಮಾಡುತ್ತದೆ. ಯಕೃತ್ತು ತಯಾರಿಸುವ ಬ್ಯುಟಿರಿಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವ ಅದನ್ನು ರಕ್ತದಲ್ಲೇ ಒಡೆದುಹಾಕುವುದರಿಂದ ಐದು ಹತ್ತು ನಿಮಿಷಕ್ಕೆ ಪರಿಣಾಮ ಇಳಿದುಹೋಗುತ್ತದೆ. ಕೆಲವರ ದೇಹದಲ್ಲಿ ಹುಟ್ಟಿನಿಂದಲೇ ಈ ಕಿಣ್ವ ಕೆಲಸ ಮಾಡುವುದಿಲ್ಲ. ಅವರಿಗೆ ಸ್ಕೋಲಿನ್ ಕೊಟ್ಟರೆ ನಿಮಿಷಗಳಲ್ಲಿ ಮುಗಿಯಬೇಕಾದ ನಿಶ್ಚೇಷ್ಟೆ ಗಂಟೆಗಟ್ಟಲೆ ಉಳಿಯುತ್ತದೆ. ಸ್ವಂತ ಉಸಿರಿರುವುದಿಲ್ಲ. ಮಂಪರಿನ ಔಷಧ ನಿಲ್ಲಿಸಿಬಿಟ್ಟರೆ ರೋಗಿಗೆ ಎಚ್ಚರವಾಗಿರುತ್ತದೆ, ಬೆರಳು ಅಲ್ಲಾಡಿಸಲೂ ಆಗುವುದಿಲ್ಲ. ವೆಂಟಿಲೇಟರಿನಲ್ಲಿ ಉಸಿರು ಕೊಡುತ್ತ, ನಿದ್ದೆಯಲ್ಲೇ ಇರಿಸಿ, ಔಷಧ ತಾನಾಗಿ ಇಳಿಯುವ ತನಕ ಕಾಯ್ದರೆ ರೋಗಿ ಪೂರ್ಣ ಚೇತರಿಸಿಕೊಳ್ಳುತ್ತಾರೆ. ಆ ಅನುಕೂಲ ಇಲ್ಲದ ಚಿಕ್ಕ ನರ್ಸಿಂಗ್ ಹೋಮಿನಲ್ಲಿ, ಏನಾಗುತ್ತಿದೆಯೆಂದೇ ತಿಳಿಯದಿದ್ದರೆ, ಪ್ರಾಣ ಹೋಗಬಹುದು.

ಈ ಕಿಣ್ವದ ಕೊರತೆ ಆರ್ಯವೈಶ್ಯ ಸಮುದಾಯದಲ್ಲಿ ಹೆಚ್ಚು. ತೆಲಂಗಾಣ, ಆಂಧ್ರ, ತಮಿಳುನಾಡುಗಳಲ್ಲಿ, ನಮ್ಮ ಬಳ್ಳಾರಿ, ರಾಯಚೂರು, ಕೋಲಾರ, ಬೆಂಗಳೂರುಗಳಲ್ಲಿ ವ್ಯಾಪಾರ ಮಾಡಿಕೊಂಡು ಬಂದಿರುವ ಸಮುದಾಯ ಇದು. ಇವರಿಗೆ ಸ್ಕೋಲಿನ್ ಕೊಡುವಾಗ ಎಚ್ಚರ ಬೇಕೆಂದು ದಕ್ಷಿಣದ ಅರಿವಳಿಕೆ ತಜ್ಞರು ಅನುಭವದಿಂದ ಬಹಳ ಕಾಲದಿಂದ ಬಲ್ಲರು. ಕೊಯಮತ್ತೂರಿನ ವೈಶ್ಯ ಕುಟುಂಬಗಳಲ್ಲಿ ನಡೆದ ಸಂಶೋಧನೆ 2006ರಲ್ಲಿ ಅದರ ಮೂಲವನ್ನು ಹಿಡಿಯಿತು: ಕಿಣ್ವದ ಸರಪಣಿಯ 307ನೇ ಜಾಗದಲ್ಲಿ ಲ್ಯೂಸಿನ್ ಇರಬೇಕಾದಲ್ಲಿ ಪ್ರೋಲಿನ್ ಕೂತಿದೆ. ಅಷ್ಟೇ ಬದಲಾವಣೆ. ಅದರಿಂದಾಗಿ ಕಿಣ್ವ ಇದ್ದೂ ಇಲ್ಲದಂತಾಗಿದೆ.

ಒಂದು ಸಮುದಾಯದಲ್ಲಿ ಇಷ್ಟು ಹೆಚ್ಚಾಗಿ ಏಕಿದೆ ಎಂಬ ಪ್ರಶ್ನೆಗೆ ಉತ್ತರ ಹೊರಟದ್ದು ಹೈದರಾಬಾದಿನ ಕೋಶ ಮತ್ತು ಅಣುಜೀವವಿಜ್ಞಾನ ಕೇಂದ್ರ ಸಿ.ಸಿ.ಎಂ.ಬಿ.ಯಿಂದ. ಉಪ್ಪಲ್ ರಸ್ತೆಯ ಈ ಕೇಂದ್ರದ ಲಾಲ್‌ಜಿ ಸಿಂಗ್, ಕೆ. ತಂಗರಾಜ್ ಅವರು ಹಾರ್ವರ್ಡಿನ ಡೇವಿಡ್ ರೈಕ್ ಜೊತೆ ಸೇರಿ 2009ರಲ್ಲಿ ನೇಚರ್ ಪತ್ರಿಕೆಯಲ್ಲಿ ಭಾರತೀಯರ ವಂಶವಾಹಿಗಳ ಚರಿತ್ರೆ ಪ್ರಕಟಿಸಿದರು. ವೈಶ್ಯ ಸಮುದಾಯ ನೂರಕ್ಕೂ ಹೆಚ್ಚು ತಲೆಮಾರಿನ ಹಿಂದೆ ಚಿಕ್ಕದೊಂದು ಗುಂಪಿನಿಂದ ಬೆಳೆದದ್ದು, ಅಂದಿನಿಂದ ಬಹುತೇಕ ತಮ್ಮೊಳಗೇ ಮದುವೆಯಾಗುತ್ತ ಬಂದದ್ದು ಅದರಿಂದ ತಿಳಿಯಿತು. ಮೂಲಪುರುಷರಲ್ಲಿ ಒಬ್ಬಿಬ್ಬರಿಗಿದ್ದ ಬದಲಾವಣೆ ಹೊರಗೆ ಚದುರದೆ ಒಳಗೇ ಉಳಿಯಿತು. ಇದೇ ತಂಡಗಳು 2017ರಲ್ಲಿ ನೇಚರ್ ಜೆನೆಟಿಕ್ಸ್‌ನಲ್ಲಿ 260ಕ್ಕೂ ಹೆಚ್ಚು ದಕ್ಷಿಣ ಏಷ್ಯಾದ ಸಮುದಾಯಗಳ ಬಗ್ಗೆ ಬರೆದಾಗ, ವೈಶ್ಯರಲ್ಲಿ ಈ ಕೊರತೆ ಉಳಿದ ಗುಂಪುಗಳಿಗಿಂತ ಸುಮಾರು ನೂರು ಪಟ್ಟು ಹೆಚ್ಚು ಎಂಬುದನ್ನೇ ಮುಖ್ಯ ಉದಾಹರಣೆಯಾಗಿ ಎತ್ತಿಕೊಂಡವು. ಇದು ಒಂದು ಸಮುದಾಯದ ಕುಂದು ಎಂದು ಯಾರೂ ತಿಳಿಯಬಾರದು. ಒಳಗೊಳಗೇ ಮದುವೆಯಾಗುವ ಪದ್ಧತಿ ಇರುವ ನಮ್ಮ ಎಷ್ಟೋ ಜಾತಿಗಳಲ್ಲಿ ಇಂಥ ಬೇರೆ ಬೇರೆ ಬದಲಾವಣೆಗಳು ಇವೆ. ವೈಶ್ಯರದ್ದು ಗೊತ್ತಾಗಿದೆ, ಹಲವರದ್ದು ಇನ್ನೂ ಗೊತ್ತಾಗಿಲ್ಲ. ಕಿಣ್ವ ಇಲ್ಲದವರು ಉಳಿದಂತೆ ಸಂಪೂರ್ಣ ಆರೋಗ್ಯವಂತರು. ಸ್ಕೋಲಿನ್ ಅಥವಾ ಅದೇ ಕಿಣ್ವ ಒಡೆಯುವ ಮಿವಕ್ಯೂರಿಯಂ ಮೈಗೆ ಹೋಗುವ ತನಕ ಅವರಿಗೆ ತಮ್ಮಲ್ಲಿ ಹೀಗೊಂದು ಇದೆ ಎಂದೇ ತಿಳಿಯುವುದಿಲ್ಲ.

ತಪ್ಪು ನಂಬಿಕೆ ನುಸುಳುವುದು ಇಲ್ಲೇ. ಆಪರೇಷನ್ ಆದ ಮೇಲೆ ಮನೆಯವರೊಬ್ಬರು ಗಂಟೆಗಟ್ಟಲೆ ಏಳದೆ ಐ.ಸಿ.ಯು.ನಲ್ಲಿ ಉಳಿದರೆ ಮನೆಯವರಿಗೆ ಹೇಳುವುದು 'ಅನಸ್ತೇಷಿಯಾ ಅಲರ್ಜಿ' ಎಂದು. ಡಿಸ್ಚಾರ್ಜ್ ಚೀಟಿಯಲ್ಲೂ ಅಷ್ಟೇ ಇರುತ್ತದೆ. ಇದರಿಂದ ಎರಡು ಕಡೆಯಿಂದ ಕೇಡು. ಅಲರ್ಜಿ ಎಂಬ ಭಯಕ್ಕೆ ಆ ವ್ಯಕ್ತಿ ಮುಂದೆ ಹರ್ನಿಯಾ, ಗರ್ಭಕೋಶ, ಹಲ್ಲು ಯಾವ ಆಪರೇಷನ್ನಿಗೂ ಒಪ್ಪದಿರಬಹುದು. ಆದರೆ ಅರಿವಳಿಕೆಯ ಉಳಿದ ಬಹುತೇಕ ಔಷಧಗಳು ಅವರಿಗೆ ಸುರಕ್ಷಿತ. ಸ್ಕೋಲಿನ್ ಬದಲು ರೊಕ್ಯುರೋನಿಯಂ ಇದೆ, ಅದನ್ನು ಬೇಗ ಇಳಿಸುವ ಔಷಧವೂ ಇದೆ. ಹಲ್ಲಿನ ವೈದ್ಯರು ಕೊಡುವ ಲಿಗ್ನೊಕೇನ್‌ಗೂ ಈ ಕಿಣ್ವಕ್ಕೂ ಸಂಬಂಧವಿಲ್ಲ. ಎರಡನೆಯ ಕೇಡು ಇನ್ನೂ ದೊಡ್ಡದು. ಅಲರ್ಜಿ ಅವರೊಬ್ಬರದ್ದು ಎಂದುಕೊಂಡು ಅಣ್ಣತಮ್ಮ ಅಕ್ಕತಂಗಿಯರಿಗೆ ಯಾರೂ ಪರೀಕ್ಷೆ ಮಾಡಿಸುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಬಂದ ದೋಷ ಇದಾದ್ದರಿಂದ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಪರೀಕ್ಷೆಯೇನೂ ಅಪರೂಪದ್ದಲ್ಲ. ಕ್ರಿಮಿನಾಶಕ ಕುಡಿದು ಬಂದವರಿಗೆ ರಾಯಚೂರು, ಕಲಬುರಗಿಯ ಆಸ್ಪತ್ರೆಗಳಲ್ಲಿ ಮಾಡುವ ಕೋಲಿನೆಸ್ಟರೇಸ್ ರಕ್ತಪರೀಕ್ಷೆಯೇ ಇದಕ್ಕೂ ಸಾಕು. ಸ್ಕೋಲಿನ್‌ಗೆ ನಿಜವಾದ ಅಲರ್ಜಿ ಆಗುವುದೂ ಉಂಟು, ಆಗ ಚಿತ್ರವೇ ಬೇರೆ: ಗಂಧೆ, ಬಿ.ಪಿ. ಕುಸಿತ, ಉಬ್ಬಸ. ಎರಡನ್ನೂ ಒಂದೇ ಹೆಸರಿನಲ್ಲಿ ಕರೆದರೆ ಮುಂದಿನ ವೈದ್ಯರಿಗೆ ಏನೂ ತಿಳಿಯುವುದಿಲ್ಲ.

ಅರಿವಳಿಕೆಯ ವಿಷಯದಲ್ಲಿ ಗಟ್ಟಿಯಾದ ತಪ್ಪು ನಂಬಿಕೆಯೊಂದನ್ನು ಲೋಕಕ್ಕೆಲ್ಲ ಹರಡಿದ ಇತಿಹಾಸವೂ ಹೈದರಾಬಾದಿಗಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನ್ ಕಾಲದಲ್ಲಿ ಬ್ರಿಟಿಷ್ ರೆಸಿಡೆನ್ಸಿಯ ಸರ್ಜನ್ ಆಗಿದ್ದ ಎಡ್ವರ್ಡ್ ಲಾರಿ, ಕ್ಲೋರೋಫಾರ್ಮ್ ಹೃದಯಕ್ಕೆ ಏನೂ ಮಾಡುವುದಿಲ್ಲ, ಉಸಿರನ್ನು ಗಮನಿಸುತ್ತಿದ್ದರೆ ಸಾಕು ಎಂದು ವಾದಿಸುತ್ತಿದ್ದರು. ನಿಜಾಮರ ಹಣದಿಂದ 1888 ಮತ್ತು 1889ರಲ್ಲಿ ಎರಡು ಹೈದರಾಬಾದ್ ಕ್ಲೋರೋಫಾರ್ಮ್ ಆಯೋಗಗಳು ನಡೆದವು. ಎರಡನೆಯದಕ್ಕೆ ಲ್ಯಾನ್ಸೆಟ್ ಪತ್ರಿಕೆ ಲಂಡನ್ನಿನಿಂದ ವೈದ್ಯ ಲಾಡರ್ ಬ್ರಂಟನ್ ಅವರನ್ನು ಕಳಿಸಿತು. ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದು ಲಾರಿಯವರ ಮಾತೇ ಗೆದ್ದಿತು. ಉಸಿರನ್ನು ಗಮನಿಸಿ ಎಂಬ ಲಾರಿಯವರ ಉಪದೇಶ ಒಳ್ಳೆಯದೇ. ಆದರೆ ಹೃದಯ ಸುರಕ್ಷಿತ ಎಂಬುದು ತಪ್ಪಾಗಿತ್ತು. ಕ್ಲೋರೋಫಾರ್ಮ್ ನೇರವಾಗಿ ಹೃದಯದ ಲಯ ಕೆಡಿಸಿ ಕೊಲ್ಲಬಲ್ಲದೆಂದು ಸಂಶೋಧಕ ಗುಡ್‌ಮನ್ ಲೆವಿ 1911ರಲ್ಲಿ ತೋರಿಸಿಕೊಟ್ಟರು. ಅಷ್ಟು ದೊಡ್ಡ ಆಯೋಗ, ಅಷ್ಟು ಖರ್ಚು, ಅಷ್ಟು ಹೆಸರಾಂತ ಪತ್ರಿಕೆ ಬೆನ್ನಿಗಿದ್ದರೂ ನಂಬಿಕೆಯೊಂದು ಇಪ್ಪತ್ತು ವರ್ಷ ತಪ್ಪಾಗಿಯೇ ನಿಂತಿತ್ತು.

ಇಂದು ಅಂಥ ತಪ್ಪು ನಂಬಿಕೆಯ ಜಾಗದಲ್ಲಿ ನಿಂತಿರುವುದು 'ಟೆಸ್ಟ್ ಡೋಸ್'. ಮುಂಗೈಯಲ್ಲಿ ಚರ್ಮದಡಿ ಚೂರು ಔಷಧ ಏರಿಸಿ, ಸುತ್ತ ಪೆನ್ನಿನಿಂದ ವೃತ್ತ ಎಳೆದು, ಕಾಲು ಗಂಟೆ ಅರ್ಧ ಗಂಟೆ ಕಾಯುವುದನ್ನು ನಮ್ಮಲ್ಲಿ ನೋಡದವರು ಯಾರೂ ಇಲ್ಲ. ಕೆಂಪಾಗದಿದ್ದರೆ ಸುರಕ್ಷಿತ, ಕೆಂಪಾದರೆ ಅಲರ್ಜಿ ಎಂದು ತೀರ್ಪು. ಪೆನ್ಸಿಲಿನ್ ಚರ್ಮಪರೀಕ್ಷೆಗೆ ಅದರದೇ ಸಾಮಗ್ರಿ, ಅದರದೇ ಪ್ರಮಾಣ ಇವೆ. ಆಂಪ್ಯೂಲಿನಿಂದ ತೆಗೆದ ಆ್ಯಂಟಿಬಯೋಟಿಕನ್ನು ಸರಿಯಾದ ಪ್ರಮಾಣಕ್ಕೆ ತೆಳುಮಾಡದೆ ಚರ್ಮಕ್ಕೆ ಚುಚ್ಚಿದರೆ ಉರಿಗೇ ಕೆಂಪಾಗಬಹುದು. ಹಾಗೆ ಕೆಂಪಾದ ಗೆರೆಯೊಂದು ಆಜೀವ ಅಲರ್ಜಿಯಾಗಿ ಬರಹಕ್ಕಿಳಿಯುತ್ತದೆ. ಕೆಂಪಾಗದೆ ಹೋದವರಿಗೆ ಪೂರ್ಣ ಪ್ರಮಾಣ ಕೊಟ್ಟಾಗ ಪ್ರಾಣಾಪಾಯ ಆಗದೆಂಬ ಖಾತ್ರಿಯೂ ಇಲ್ಲ. ಟೆಸ್ಟ್ ಡೋಸ್ ಆಯಿತಲ್ಲ ಎಂದು ನರ್ಸ್ ಮುಂದಿನ ಹಾಸಿಗೆಗೆ ಹೋಗಿಬಿಡುವುದೇ ಅದರ ದೊಡ್ಡ ಅಪಾಯ. ಎಲ್ಲರಿಗೂ ಸೆಫಲೊಸ್ಪೊರಿನ್ ಎಂಬ ಆ್ಯಂಟಿಬಯೋಟಿಕ್‌ಗಳ ಚರ್ಮಪರೀಕ್ಷೆ ಮಾಡುವ ರೂಢಿ ಬಹಳ ಗಟ್ಟಿಯಾಗಿದ್ದ ಚೀನಾ ಕೂಡ 2021ರಲ್ಲಿ ಅದು ಬೇಡವೆಂದಿತು. ಹಿಂದೆ ಅಲರ್ಜಿಯ ಇತಿಹಾಸ ಇಲ್ಲದವರಿಗೆ ಈ ಚುಚ್ಚುವಿಕೆಯಿಂದ ಲಾಭವಿಲ್ಲ. ಮೊದಲ ಡೋಸಿನ ನಂತರ ಅರ್ಧ ಗಂಟೆ ಪಕ್ಕದಲ್ಲಿದ್ದು ನೋಡುವುದರಿಂದ ಲಾಭವಿದೆ.

ಔಷಧದ ಹೆಸರುಗಳೂ ನಮ್ಮನ್ನು ದಾರಿ ತಪ್ಪಿಸುತ್ತವೆ. ಪೆನ್ಸಿಲಿನ್ ಆಗುವುದಿಲ್ಲ ಎನ್ನುವವರೇ ನೆಗಡಿ ಗಂಟಲುನೋವಿಗೆ ಮೆಡಿಕಲ್ ಶಾಪಿನಿಂದ ಆಗ್ಮೆಂಟಿನ್ ತಂದು ನುಂಗುವುದುಂಟು. ಅದರೊಳಗಿರುವುದು ಅಮಾಕ್ಸಿಸಿಲಿನ್, ಅದು ಪೆನ್ಸಿಲಿನ್ ಕುಲದ್ದೇ. ನುಂಗಿ ಏನೂ ಆಗಿಲ್ಲವೆಂದರೆ ಅಲರ್ಜಿಯ ಸಾಲು ಬಹುಶಃ ತಪ್ಪು, ವೈದ್ಯರಿಗೆ ಹೇಳಿ ತೆಗೆಸಬೇಕು. ನಿಜವಾದ ಅಲರ್ಜಿ ಇದ್ದವರಾಗಿದ್ದರೆ ಅದೇ ಗುಳಿಗೆ ಪ್ರಾಣ ತೆಗೆಯಬಹುದಿತ್ತು. ಬ್ರೂಫೆನ್ ಆಗುವುದಿಲ್ಲ ಎಂದು ಹೇಳಿ ಕಾಂಬಿಫ್ಲಾಮ್ ಕೇಳಿ ಪಡೆಯುವವರ ಕಥೆಯೂ ಇದೇ. ಎರಡರಲ್ಲೂ ಐಬುಪ್ರೊಫೆನ್ ಇದೆ. ಸಲ್ಫಾ ವಿಷಯದಲ್ಲಿ ತಿರುಗಾಮುರುಗಾ. ಸಲ್ಫಾ ಆ್ಯಂಟಿಬಯೋಟಿಕ್ ಅಲರ್ಜಿ ಇದ್ದವರು ಫ್ಯೂರೊಸೆಮೈಡ್‌ನಂಥ ಮೂತ್ರದ ಗುಳಿಗೆಗೂ, ಕೆಲವು ಸಕ್ಕರೆ ಕಾಯಿಲೆಯ ಗುಳಿಗೆಗಳಿಗೂ, ಗಂಧಕ ಇರುವ ಎಲ್ಲಕ್ಕೂ ಹೆದರುತ್ತಾರೆ. ರೆಡ್ಡಿ ಎಂಬ ಹೆಸರಿರುವವರೆಲ್ಲ ಒಂದೇ ಮನೆಯವರಲ್ಲವಲ್ಲ, ಇವೂ ಹಾಗೆಯೇ. ಸಲ್ಫೊನಮೈಡ್ ಎಂಬ ತುಣುಕು ಸಮಾನವಾದರೂ, ಅಲರ್ಜಿ ತರುವ ಭಾಗ ಆ್ಯಂಟಿಬಯೋಟಿಕ್‌ಗಳಲ್ಲಿ ಮಾತ್ರ ಇದೆ. ಸಿಗಡಿ ತಿಂದರೆ ಆಗುವುದಿಲ್ಲವೆಂದು ಸಿ.ಟಿ. ಸ್ಕ್ಯಾನಿನ ಅಯೋಡಿನ್ ಬಣ್ಣದ್ರವ ಬೇಡ ಎನ್ನುವುದೂ ತಪ್ಪು. ಸಿಗಡಿಯ ಅಲರ್ಜಿ ಅದರ ಮಾಂಸದ ಪ್ರೋಟೀನಿಗೆ, ಅಯೋಡಿನ್‌ಗಲ್ಲ.

ಈಗ ಇನ್ನೊಂದು ಬದಿ. ನಿಜವಾದ, ಭಯಂಕರವಾದ ಅಲರ್ಜಿಯನ್ನು ನಾವು ಗುರುತಿಸದೆ ಬಿಡುವ ಸಂದರ್ಭಗಳಿವೆ, ನನ್ನನ್ನು ಹೆಚ್ಚು ಕಾಡುವುದು ಅವೇ. ಮೂರ್ಛೆರೋಗಕ್ಕೆ, ಮುಖದ ನರಶೂಲೆಗೆ ಕಾರ್ಬಮಾಜೆಪೈನ್ ಕೊಡುತ್ತಾರೆ. ಹತ್ತು ಹದಿನೈದು ದಿನ ಏನೂ ಆಗುವುದಿಲ್ಲ. ಆಮೇಲೆ ಜ್ವರ, ಕಣ್ಣು ಕೆಂಪು, ಬಾಯಿತುಂಬ ಹುಣ್ಣು, ಮೈಮೇಲೆ ನೋಯುವ ಕಪ್ಪುಗೆಂಪು ಕಲೆಗಳು. ಮನೆಯವರು 'ಅಮ್ಮ' ಎದ್ದಿದೆಯೆಂದು ಬೇವಿನ ಸೊಪ್ಪು ಹಾಸುತ್ತಾರೆ, ಗುಳಿಗೆ ಮುಂದುವರಿಯುತ್ತದೆ. ಎರಡು ವಾರದಿಂದ ನುಂಗುತ್ತಿದ್ದ ಗುಳಿಗೆಯ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಇದು ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗಿರಬಹುದು. ಚರ್ಮ ಸುಟ್ಟಂತೆ ಕಳಚಿಬರುವ ಅದರ ತೀವ್ರ ರೂಪದಲ್ಲಿ ಮೂವರಲ್ಲಿ ಒಬ್ಬರಷ್ಟು ಸಾಯುತ್ತಾರೆ, ಬದುಕಿದವರಲ್ಲಿ ಕಣ್ಣು ಕಳೆದುಕೊಳ್ಳುವವರುಂಟು. ಫೆನಿಟಾಯಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್, ಸಲ್ಫಾ ಆ್ಯಂಟಿಬಯೋಟಿಕ್‌ಗಳೂ ಇದನ್ನು ತರಬಲ್ಲವು. ಇಂಥವು ಕಾಣಿಸಿಕೊಳ್ಳುವುದು ಔಷಧ ಶುರುಮಾಡಿದ ನಾಲ್ಕು ದಿನದಿಂದ ನಾಲ್ಕು ವಾರದೊಳಗೆ. ಎಚ್.ಎಲ್.ಎ.-ಬಿ*15:02 ಎಂಬ ವಂಶವಾಹಿ ಇದ್ದವರಿಗೆ ಕಾರ್ಬಮಾಜೆಪೈನ್ ಅಪಾಯ ಹೆಚ್ಚೆಂದು ತೈವಾನಿನ ಸಂಶೋಧಕರು 2004ರಲ್ಲಿ ಕಂಡುಹಿಡಿದರು. ಭಾರತೀಯ ರೋಗಿಗಳಲ್ಲೂ ಆ ಸಂಬಂಧ ಕಂಡಿದೆ. ಒಮ್ಮೆ ಹೀಗಾದವರಿಗೆ ಆ ಔಷಧವನ್ನು 'ಪರೀಕ್ಷೆಗೆಂದು' ಕೂಡ ಎಂದಿಗೂ ಮತ್ತೆ ಕೊಡಬಾರದು. ಅವರ ಕೆಂಪು ಸಾಲನ್ನು ಅಳಿಸುವ ಮಾತೇ ಇಲ್ಲ.

ಇಷ್ಟು ಭೀಕರವಲ್ಲದ, ಆದರೆ ನಮ್ಮಲ್ಲಿ ಬಹಳ ಸಾಮಾನ್ಯವಾದ ಇನ್ನೊಂದಿದೆ. ಬೇಧಿಗೆಂದು ಆರ್ನಿಡಜೋಲ್ ಇರುವ ಜೋಡಿ ಗುಳಿಗೆ ನುಂಗಿದಾಗಲೆಲ್ಲ ತುಟಿಯ ಮೇಲೋ ಬೆರಳ ಸಂದಿಯಲ್ಲೋ ಅದೇ ಜಾಗದಲ್ಲಿ ಉರಿ, ಆಮೇಲೆ ಕಪ್ಪು ಕಲೆ. ಉಷ್ಣವೆಂದು ಮಜ್ಜಿಗೆ ಕುಡಿದು ಸುಮ್ಮನಾಗುತ್ತಾರೆ. ಅದು ಅಲರ್ಜಿಯೇ. ಪ್ರತಿ ಸಲ ಕಲೆ ದೊಡ್ಡದಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ. ಎರಡು ಮೂರು ಔಷಧ ಬೆರೆಸಿದ ಗುಳಿಗೆಗಳಿಂದ ಯಾವುದು ಕಾರಣವೆಂದು ಪತ್ತೆಯಾಗುವುದೂ ಕಷ್ಟ. ಕೇಂದ್ರ ಸರ್ಕಾರ 2016ರ ಮಾರ್ಚ್‌ನಲ್ಲಿ ಇಂಥ 344 ಬೆರಕೆ ಔಷಧಗಳನ್ನು ನಿಷೇಧಿಸಲು ಹೊರಟದ್ದು ವೈಜ್ಞಾನಿಕ ಸಮರ್ಥನೆ ಇಲ್ಲದ ಈ ಜೋಡಣೆಗಳ ಹಾವಳಿಯಿಂದಲೇ.

ತಕ್ಷಣದ ತೀವ್ರ ಅಲರ್ಜಿ ಆದಾಗ ಮಾಡುವ ತಪ್ಪು ಎಲ್ಲಕ್ಕಿಂತ ದುಬಾರಿ. ಉಸಿರು ಕಟ್ಟಿ, ಬಿ.ಪಿ. ಇಳಿದು ಬಿದ್ದ ರೋಗಿಗೆ ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿ ಮೊದಲು ಕೈಗೆತ್ತಿಕೊಳ್ಳುವುದು ಏವಿಲ್ ಮತ್ತು ಸ್ಟೀರಾಯ್ಡ್ ಸೂಜಿ. ಏವಿಲ್ ತುರಿಕೆ ಇಳಿಸುತ್ತದೆ, ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳು ಬೇಕು. ಪ್ರಾಣ ಉಳಿಸುವುದು ಅಡ್ರಿನಲಿನ್. ತೊಡೆಯ ಹೊರಬದಿಯ ಸ್ನಾಯುವಿಗೆ, ವಯಸ್ಕರಿಗೆ ಅರ್ಧ ಮಿಲಿಗ್ರಾಂ, ತಡವಿಲ್ಲದೆ. ಬೇಕಾದರೆ ಐದು ನಿಮಿಷಕ್ಕೆ ಮತ್ತೊಮ್ಮೆ. ಅಡ್ರಿನಲಿನ್ ಕೊಟ್ಟರೆ ಹೃದಯ ನಿಂತೀತೆಂಬ ಭಯ ವೈದ್ಯರಲ್ಲೂ ಇದೆ. ಸ್ನಾಯುವಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟ ಅಡ್ರಿನಲಿನ್‌ಗಿಂತ ತಡವಾಗಿ ಕೊಟ್ಟ ಅಡ್ರಿನಲಿನ್ ಎಷ್ಟೋ ಹೆಚ್ಚು ಅಪಾಯಕಾರಿ. ರೋಗಿಯನ್ನು ಎಬ್ಬಿಸಿ ನಡೆಸಬಾರದು. ಅಂಗಾತ ಮಲಗಿಸಿ ಕಾಲು ಎತ್ತರಿಸಬೇಕು, ಉಸಿರಾಟ ಕಷ್ಟವಾದರೆ ಒರಗಿಸಿ ಕೂರಿಸಬೇಕು. ಸೂಜಿ ಹಾಕುವ ಪ್ರತಿ ಕ್ಲಿನಿಕ್ಕಿನಲ್ಲೂ, ಹಲ್ಲಿನ ವೈದ್ಯರಲ್ಲೂ ಈ ಅಗ್ಗದ ಆಂಪ್ಯೂಲ್ ಕೈಗೆಟುಕುವಂತಿರಬೇಕು. ಜೀಡಿಮೆಟ್ಲ, ಪಾಶಮೈಲಾರಂಗಳ ಕಾರ್ಖಾನೆಗಳಿಂದ ಲೋಕಕ್ಕೆಲ್ಲ ಔಷಧ ಕಳಿಸುವ ಹೈದರಾಬಾದಿನ ಸುತ್ತಮುತ್ತ ಅಡ್ರಿನಲಿನ್ ಇಲ್ಲದ ಕ್ಲಿನಿಕ್ ಇರಕೂಡದು ಎಂದು ಕೇಳುವುದು ಅತಿಯಾದ ಆಸೆಯಲ್ಲ.

ಓದುಗರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಫೈಲಿನಲ್ಲಿ ಅಲರ್ಜಿ ಎಂಬ ಸಾಲಿದ್ದರೆ ಅದರ ಹಿಂದಿನ ಕಥೆಯನ್ನು ಬರೆದಿಡಿ. ಗುಳಿಗೆಯ ಬ್ರ್ಯಾಂಡ್ ಹೆಸರಲ್ಲ, ಪಟ್ಟಿಯ ಹಿಂಬದಿಯಲ್ಲಿರುವ ಔಷಧದ ಹೆಸರು, ಯಾವ ವರ್ಷ, ನುಂಗಿದ ಎಷ್ಟು ಹೊತ್ತಿಗೆ, ಏನೇನಾಯಿತು, ಆಸ್ಪತ್ರೆಗೆ ಸೇರಿಸಿದರೇ, ಆಮೇಲೆ ಅದೇ ಕುಲದ ಔಷಧ ತೆಗೆದುಕೊಂಡಿರಾ. ಮೈಮೇಲೆ ಎದ್ದದ್ದರ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಅದನ್ನು ಹಿಡಿದು ದೊಡ್ಡ ಆಸ್ಪತ್ರೆಯ ಚರ್ಮರೋಗ ಅಥವಾ ಮೆಡಿಸಿನ್ ವಿಭಾಗಕ್ಕೆ ಹೋಗಿ ಕೇಳಿ. ಕಡಿಮೆ ಅಪಾಯದ ಪೆನ್ಸಿಲಿನ್ ಇತಿಹಾಸದವರಿಗೆ ವೈದ್ಯರ ಕಣ್ಣೆದುರಲ್ಲೇ ಗುಳಿಗೆ ನುಂಗಿಸಿ ನೋಡುವ ಸರಳ ವಿಧಾನವನ್ನು 2023ರಲ್ಲಿ ಪ್ರಕಟವಾದ ಪ್ಯಾಲೇಸ್ ಎಂಬ ಅಧ್ಯಯನ ಪರೀಕ್ಷಿಸಿದಾಗ ಅಲರ್ಜಿ ಕಂಡದ್ದು ಶೇಕಡಾ ಒಂದಕ್ಕಿಂತ ಕಡಿಮೆ ಮಂದಿಯಲ್ಲಿ. ಆದರೆ ಮನೆಯಲ್ಲಿ ನೀವೇ ನುಂಗಿ ನೋಡುವ ಸಾಹಸ ಬೇಡ. ಆರ್ಯವೈಶ್ಯ ಕುಟುಂಬದವರು, ಅದರಲ್ಲೂ ಮನೆಯಲ್ಲಿ ಯಾರಾದರೂ ಆಪರೇಷನ್ ನಂತರ ಏಳಲು ತಡವಾಗಿದ್ದರೆ, ಮುಂದಿನ ಆಪರೇಷನ್ನಿಗೆ ಮೊದಲು ಅರಿವಳಿಕೆ ವೈದ್ಯರಿಗೆ ಅದನ್ನು ಬಾಯಿಬಿಟ್ಟು ಹೇಳಿ. ಇದರಲ್ಲಿ ಸಂಕೋಚಕ್ಕೆ ಏನೂ ಇಲ್ಲ.

ಹೊಸದಾಗಿ ಏನಾದರೂ ಆದರೆ ವರದಿ ಮಾಡಿ. ಔಷಧಗಳಿಂದ ಆಗುವ ತೊಂದರೆಗಳನ್ನು ದಾಖಲಿಸುವ ರಾಷ್ಟ್ರೀಯ ಯೋಜನೆ 2010ರಿಂದ ನಡೆದಿದೆ, ಅದರ ಉಚಿತ ದೂರವಾಣಿ ಸಂಖ್ಯೆ 1800-180-3024. ವೈದ್ಯರೇ ಆಗಬೇಕೆಂದಿಲ್ಲ, ರೋಗಿಯೂ ಮನೆಯವರೂ ತಿಳಿಸಬಹುದು. ಅವರಿಗೆಂದೇ ಇರುವ ವರದಿ ನಮೂನೆ ತೆಲುಗಿನಲ್ಲೂ ಇದೆ, ಕನ್ನಡದಲ್ಲೂ ಇದೆ.